ಎರಡು ಡಬ್ಬಿಯ ಸಾಕ್ಷಿ

ಟ್ರ್ಯಾಕಿನಲ್ಲಿ ಕಾರು ಓಡಿಸಿ, ಒಂದೊಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಫೋನಿನಲ್ಲಿ ಅಳೆಯುವ ಹುಚ್ಚು ನನಗೆ. ಫೋನಿನ ಜಿಪಿಎಸ್ ಮಂದ ಅನ್ನಿಸಿ ಬನ್ನಿಮಂಟಪದ ಕಾರ್ ಆಕ್ಸೆಸರೀಸ್ ಅಂಗಡಿಗೆ ಹೋದೆ. ಅಂಗಡಿಯ ಬಸಣ್ಣ ಎರಡು ಡಬ್ಬಿ ಮುಂದಿಟ್ಟರು. ಒಂದು, ಕಾರು ಎಲ್ಲಿದೆ ಅಂತ ಹೇಳುವ ಜಿಪಿಎಸ್. ಇನ್ನೊಂದು, ಸ್ಟೀರಿಂಗ್ ಕೆಳಗೆ ಸಿಕ್ಕಿಸಿದರೆ ಇಂಜಿನ್ ಏನು ಮಾಡುತ್ತಿದೆ ಅಂತ ಹೇಳುವ ಒಬಿಡಿ.

“ನನಗೆ ಜಿಪಿಎಸ್ ಸಾಕು” ಅಂದೆ.

“ಎರಡೂ ಹಾಕ್ಕೊಂಡು ಮೂರು ರೌಂಡ್ ಹೊಡೀರಿ ಸಾರ್, ಆಮೇಲೆ ಹೇಳಿ” ಅಂತ ಬಸಣ್ಣ ಕಾರಿನಲ್ಲಿ ನನ್ನ ಪಕ್ಕದಲ್ಲೇ ಕೂತರು.

ಅಂಗಡಿಯ ಸುತ್ತಲಿನ ಬೀದಿಗಳಲ್ಲಿ ನಿಧಾನವಾಗಿ ಮೂರು ಸುತ್ತು ಬಂದೆ. ಫೋನಿನಲ್ಲಿ ನೋಡಿದರೆ, ಮೂರರಲ್ಲೂ ಒಂದೇ ಜಾಗದಲ್ಲಿ ವೇಗ ಇಳಿದಂತೆ ಜಿಪಿಎಸ್ ತೋರಿಸಿತು. “ನೋಡಿ, ನಿಮ್ಮ ಜಿಪಿಎಸ್ಸೇ ಸರಿಯಿಲ್ಲ” ಅಂತ ದಬಾಯಿಸಿದೆ.

ಅದೇ ಜಾಗದಲ್ಲಿ ಒಬಿಡಿಯ ಗೆರೆಯೂ ಇಳಿದದ್ದನ್ನು ಬಸಣ್ಣ ತೋರಿಸಿದರು. “ಜಿಪಿಎಸ್ ಸರಿಯಾಗೇ ಇದೆ ಕಣ್ರೀ. ಅಲ್ಲಿ ಗಣಪತಿ ಗುಡಿ ಬರುತ್ತೆ. ನಿಮ್ಮ ಕೈ ಎದೆಗೆ ಹೋಗುತ್ತೆ, ಕಾಲು ಆಕ್ಸಿಲರೇಟರ್ ಬಿಡುತ್ತೆ. ಮೂರು ಸಲಾನೂ.”

ನನಗೆ ಗೊತ್ತೇ ಇರಲಿಲ್ಲ. ಎರಡನ್ನೂ ಕೊಂಡೆ.

ಮುಂದಿನ ಭಾನುವಾರ ಟ್ರ್ಯಾಕಿಗೆ ಹೋದೆ. ಅಲ್ಲಿ ಗುಡಿ ಇರಲಿಲ್ಲ. ಆದರೂ ಮೊದಲ ತಿರುವಿನಲ್ಲಿ ಪ್ರತಿ ಸಲ ನನ್ನ ಕಾಲು ಮೇಲೆದ್ದದ್ದನ್ನು ಎರಡೂ ಡಬ್ಬಿ ತಪ್ಪದೆ ಬರೆದುಕೊಂಡವು. ಆ ವೇಗದಲ್ಲಿ ಗುಡಿಯಿಲ್ಲದೆಯೂ ಗಣಪತಿ ನೆನಪಾಗುತ್ತಾನೆ.