ಕಲಕತ್ತೆಗೆ ನಾಲ್ಕು ತಾಸು

ಶಿರಸಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಚನ್ನಯ್ಯನಿಗೆ ಊರೂರಿನ ಮೈಲಿ, ತಾಸು ಎಲ್ಲ ಬಾಯಿಪಾಠ. ಸಿದ್ದಾಪುರಕ್ಕೆ ಎಷ್ಟು ಹೊತ್ತು, ಹುಬ್ಬಳ್ಳಿಗೆ ಎಷ್ಟು ಹೊತ್ತು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಅವನೇ ಎಷ್ಟು ಹೊತ್ತಿಗೆ ಮನೆ ಮುಟ್ಟುತ್ತಾನೆಂದು ಮಾತ್ರ ಯಾರೂ ಕೇಳಿದವರಿಲ್ಲ. ನಲವತ್ತು ದಾಟಿದ ಒಂಟಿ ಜೀವ. ಊರಿಗೆ ಹೊರಟವರು ತಲುಪುವ ತನಕ ಮನೆಯವರು ಕಸಬರಿಗೆ ಮುಟ್ಟಬಾರದು ಎನ್ನುತ್ತಾರೆ. ಹದಿನೆಂಟನೆಯ ವಯಸ್ಸಿನಲ್ಲಿ ಅವನು ಬನವಾಸಿಯ ಮನೆ ಬಿಟ್ಟಾಗ, ಕಾಲು ಹೊಸ್ತಿಲು ದಾಟುವುದರೊಳಗೆ ಅತ್ತಿಗೆ ಕಸ ಗುಡಿಸಲು ಶುರುಮಾಡಿದ್ದಳು. ಆ ಸರಬರ ಸದ್ದು ಇಪ್ಪತ್ತೈದು ವರ್ಷವಾದರೂ ಅವನ ಕಿವಿ ಬಿಟ್ಟಿರಲಿಲ್ಲ.

ಅವನು ಬಾಡಿಗೆಗಿದ್ದದ್ದು ಗುರುಶಾಂತವ್ವ ಎಂಬ ವಿಧವೆಯ ಮನೆಯ ಮುಂದಿನ ಕೋಣೆಯಲ್ಲಿ. ಹೆಂಗಸಿನ ಮಾತು ಖಾರ, ಮನಸ್ಸು ಮೆತ್ತಗೆ. ೧೯೬೩ರ ಚಳಿಗಾಲದಲ್ಲಿ ಮುಂಬಯಿಯಲ್ಲಿದ್ದ ಅವಳ ಮಗಳು ಗಿರಿಜವ್ವನ ಕಾಗದ ಬಂತು: ಗಂಡನಿಗೆ ಕಲಕತ್ತೆಗೆ ವರ್ಗವಾಗಿದೆ, ಸೋಮವಾರ ಬೆಳಿಗ್ಗೆ ಎಂಟಕ್ಕೆ ವಿಮಾನದಲ್ಲಿ ಹೊರಡುತ್ತೇವೆ. ಗುರುಶಾಂತವ್ವ ಚನ್ನಯ್ಯನನ್ನು ಹಿಡಿದಳು. ವಿಮಾನ ಎಷ್ಟು ಹೊತ್ತಿಗೆ ಮುಟ್ಟುತ್ತದೆ? ತಾನು ಕಸ ಯಾವಾಗ ಗುಡಿಸಬೇಕು?

ಚನ್ನಯ್ಯನ ವೇಳಾಪಟ್ಟಿಯಲ್ಲಿ ವಿಮಾನವಿರಲಿಲ್ಲ. ಗೊತ್ತಿಲ್ಲ ಎನ್ನುವುದು ಅವನ ಜಾಯಮಾನದಲ್ಲೂ ಇರಲಿಲ್ಲ. ಒಮ್ಮೆ ವಿಮಾನ ಹತ್ತಿದ್ದ ಅಡಿಕೆ ವ್ಯಾಪಾರಿಯೊಬ್ಬನನ್ನು ಹುಡುಕಿ, ಕೇಳಿಕೊಂಡು ಬಂದು ಹೇಳಿದ: ಸಾವಿರ ಮೈಲಿಗೂ ಮೇಲೆ, ಆದರೆ ನಾಲ್ಕೇ ತಾಸು. ನಮ್ಮ ಬಸ್ಸು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ನಿಮ್ಮ ಮಗಳು ಕಲಕತ್ತೆಯಲ್ಲಿರುತ್ತಾಳೆ.

ಸೋಮವಾರ ಹನ್ನೆರಡು ಹೊಡೆಯಿತು. ಕಸಬರಿಗೆ ಮೂಲೆಯಲ್ಲೇ ಇತ್ತು. ವಿಮಾನ ಮುಟ್ಟಿತಲ್ಲ ಎಂದು ಚನ್ನಯ್ಯ ನೆನಪಿಸಿದ.

"ನಿಮ್ಮ ತಾಸು ನಿಮ್ಮ ಕಡೇನ ಇರ್ಲಿ. ಮುಟ್ಟೀನಿ ಅಂತ ಆಕಿ ಹೇಳಬೇಕು" ಎಂದಳು ಗುರುಶಾಂತವ್ವ.

ಮುಟ್ಟಿದೆವೆಂದು ಮಗಳ ತಂತಿ ಬಂದದ್ದು ಮರುದಿನ. ಅಲ್ಲಿಯ ತನಕ ಬೆಳ್ಳುಳ್ಳಿ ಸಿಪ್ಪೆ, ಚುರುಮುರಿ ಕಾಳು ನೆಲದ ಮೇಲೆ ಹಾಗೇ ಬಿದ್ದಿದ್ದವು. ಚನ್ನಯ್ಯ ಅವನ್ನು ತುಳಿಯದೆ ದಾಟಿ ದಾಟಿ ಓಡಾಡಿದ. ಮುಖವನ್ನೇ ನೋಡದ ಆ ಮಗಳ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು.

ಯುಗಾದಿ ಕಳೆದ ಮೇಲೆ ಅವನಿಗೇ ಯಲ್ಲಾಪುರಕ್ಕೆ ವರ್ಗವಾಯಿತು. ಟ್ರಂಕು ಎತ್ತಿಕೊಂಡವನು, ಯಾರೂ ಕೇಳದಿದ್ದರೂ, ಮೂವತ್ತು ಮೈಲಿ, ಎರಡು ತಾಸಿನ ದಾರಿ ಎಂದ. ಗುರುಶಾಂತವ್ವ ಹ್ಞೂಂ ಎಂದಳು, ಅಷ್ಟೇ. ಕಸಬರಿಗೆಯ ಸದ್ದು ಎಲ್ಲಿ ಕಿವಿಗೆ ಬಿದ್ದೀತೋ ಎಂದು ಅವನು ಬೀದಿಯ ತಿರುವಿನ ತನಕ ಓಡುನಡಿಗೆಯಲ್ಲೇ ಹೋದ.

ಯಲ್ಲಾಪುರದ ಹೊಸ ಕೋಣೆ ಅವನನ್ನು ಹಿಂಡಿ ಹಾಕಿತು. ಬೈಯುವುದಕ್ಕೂ ಒಬ್ಬರಿಲ್ಲ. ತಲುಪಿದೆ ಎಂದು ಬರೆಯೋಣವೆಂದರೆ ನಾಚಿಕೆ. ಬಾಡಿಗೆಯವನು ತಲುಪಿದರೆಷ್ಟು, ಬಿಟ್ಟರೆಷ್ಟು? ಆರನೆಯ ದಿನ ಒಂದು ನೆವ ಸಿಕ್ಕಿತು. ಕೊಡೆ ಮರೆತು ಬಂದಿದ್ದೇನೆ, ಜೋಪಾನವಾಗಿಡಿ ಎಂದು ಕಾರ್ಡು ಹಾಕಿದ.

ನಾಲ್ಕು ದಿನ ಬಿಟ್ಟು ಯಲ್ಲಾಪುರದ ಬಸ್ ಸ್ಟ್ಯಾಂಡಿಗೇ ಉತ್ತರದ ಕಾರ್ಡು ಬಂತು. ಅಕ್ಷರ ಪಕ್ಕದ ಮನೆಯ ಮಾಸ್ತರರದು, ಮಾತು ಗುರುಶಾಂತವ್ವನದೇ.

"ಕೊಡಿ ಐತಿ. ಎರಡು ತಾಸು ಅಂತ ಹೇಳಿ ಹೋದಾವ್ರದು ಎಂಟು ದಿನ ಸುದ್ದಿಲ್ಲ. ಮುಟ್ಟೀನಿ ಅಂತ ಒಂದು ಕಾರ್ಡು ಬರಿಯಾಕ ಏನಾಗಿತ್ತು? ನಿಮ್ಮ ಖೋಲಿ ಕಸ ಇವತ್ತ ಹೊಡದೀನಿ."

ಚನ್ನಯ್ಯ ಕಾರ್ಡನ್ನು ಮತ್ತೆ ಮೊದಲಿನಿಂದ ಓದತೊಡಗಿದ. ಹುಬ್ಬಳ್ಳಿ ಬಸ್ಸಿನ ಹೊತ್ತು ಮೀರಿತ್ತು. ಡ್ರೈವರ್ ಹಾರನ್ ಹೊಡೆಯುತ್ತಲೇ ಇದ್ದ.