ಹೆಬ್ಬಾಳದಲ್ಲಿ ನಿಲ್ಲದ ಬಸ್ಸು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಯಲಹಂಕದ ಹಳೇ ಊರಿನಲ್ಲಿ ಬಾಡಿಗೆಗಿದ್ದೆವು. ನಾವು ಎಂದರೆ ನಾನು ಮತ್ತು ಎರಡು ವರ್ಷ ತುಂಬದ ನನ್ನ ಮಗಳು. ಗಂಡನಿಗೆ ರಾಯಚೂರಿನ ಕಡೆ ಕೆಲಸ. ತಿಂಗಳಿಗೊಮ್ಮೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ನಾನು ಮೆಜೆಸ್ಟಿಕ್ ಹತ್ತಿರದ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಬೆಳಿಗ್ಗೆ ಸಿಟಿ ಬಸ್ಸು ಹತ್ತಿ ಅಲ್ಲಾಳಸಂದ್ರ, ಹೆಬ್ಬಾಳ, ಮೇಖ್ರಿ ಸರ್ಕಲ್ ದಾಟಿ ಇಳಿಯುವಷ್ಟರಲ್ಲಿ ಸೀರೆಯ ನೆರಿಗೆ ಒಂದೂ ಅದರ ಜಾಗದಲ್ಲಿ ಇರುತ್ತಿರಲಿಲ್ಲ.

ಮಗಳನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಮನೆಯ ಅಕ್ಕ. ಅವರ ಮನೆಯಲ್ಲಿ ಉರ್ದು ಮಾತು. ಗಂಡನಿಗೆ ಹಾಸಿಗೆ ಹೊಲಿಯುವ ಅಂಗಡಿ, ನಾಲ್ಕು ಮಕ್ಕಳು. "ನಾಲ್ಕರ ಜೊತೆ ಇದೂ ಒಂದು, ಬಿಡಮ್ಮಾ" ಎಂದು ತಾವಾಗಿಯೇ ಎತ್ತಿಕೊಂಡವರು. ಅವರ ಮಕ್ಕಳು ಕರೆಯುವುದನ್ನು ಕೇಳಿ ನನ್ನ ಮಗಳೂ ಅವರನ್ನು ಅಮ್ಮಿ ಎನ್ನುತ್ತಿದ್ದಳು, ನನ್ನನ್ನು ಅಮ್ಮ. ಎರಡಕ್ಕೂ ಒಂದೇ ಅರ್ಥ ಎಂದು ಅವಳಿಗೆ ಗೊತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಮಗುವಿನ ಮೈ ಬೆಚ್ಚಗಿತ್ತು. ಹಾಲು ಕುಡಿಯದೆ ಹೆಗಲ ಮೇಲೆ ತಲೆ ಹಾಕಿ ಮಲಗಿತ್ತು. ರಜೆ ಹಾಕಬಹುದಿತ್ತು. ನಾನು ಬಾಗಿಲಲ್ಲಿ ನಿಂತು ಅನುಮಾನಿಸುತ್ತಿದ್ದಾಗ ಅಕ್ಕ ಮಗುವನ್ನು ತೆಗೆದುಕೊಂಡು, "ಹೋಗಮ್ಮಾ, ಬಸ್ಸು ಹೊರಟೋಗ್ತದೆ. ನಾನಿಲ್ವಾ?" ಎಂದರು. ಅವರು ಹಾಗೆ ಹೇಳಲಿ ಎಂದೇ ನಾನು ನಿಂತಿದ್ದೆ ಎಂದು ಈಗ ಅನ್ನಿಸುತ್ತದೆ. ಬಸ್‌ಸ್ಟಾಂಡಿಗೆ ಓಡಿದೆ. ಸೀಟು ಸಿಕ್ಕಿತು. ಸಿಕ್ಕಿತಲ್ಲ ಎಂದು ಖುಷಿಯೂ ಆಯಿತು.

ಸಂಜೆ ಮರಳುವಾಗ ನಮ್ಮ ಬಸ್ಸು ಹೆಬ್ಬಾಳದ ಕೆರೆ ಹತ್ತಿರ ಕೆಟ್ಟು ನಿಂತಿತು. ಎಲ್ಲರನ್ನೂ ಇಳಿಸಿದರು. ಹಿಂದಿನ ಬಸ್ಸುಗಳು ತುಂಬಿ ಬರುತ್ತಿದ್ದವು, ಫುಟ್‌ಬೋರ್ಡಿನಲ್ಲೂ ಜನ. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಇನ್ನೂ ಬೆಳಕಿತ್ತು. ರಸ್ತೆಯ ಆಚೆ ಬದಿಯಲ್ಲಿ ಸಿಟಿಗೆ ಹೋಗುವವರ ಗುಂಪೊಂದು ಕಾಯುತ್ತಿತ್ತು. ಯಲಹಂಕದ ಕಡೆಯಿಂದ ಒಂದು ಬಸ್ಸು ಬಂತು. ಒಳಗೆ ಜಾಗವಿದ್ದಂತೆಯೇ ಕಂಡಿತು. ಆದರೂ ನಿಲ್ಲಲಿಲ್ಲ, ಹಾರನ್ ಒತ್ತುತ್ತಾ ಹಾಗೇ ಹೊರಟುಹೋಯಿತು. ಕೈ ಅಡ್ಡ ಹಿಡಿದಿದ್ದ ಒಬ್ಬ ಮುದುಕ ಹಿಂದಕ್ಕೆ ಸರಿದು ಬೈಯತೊಡಗಿದ.

"ನೋಡ್ರೀ, ಖಾಲಿ ಇದ್ರೂ ನಿಲ್ಸಲ್ಲ" ಎಂದರು ನನ್ನ ಪಕ್ಕದಲ್ಲಿದ್ದ ಹೆಂಗಸು.

"ಇವ್ರಿಗೆ ಕಾಯೋರ ಕಷ್ಟ ಏನ್ ಗೊತ್ತು. ಇಂಥೋರನ್ನ ಕೆಲಸದಿಂದ ತೆಗೀಬೇಕು" ಎಂದೆ ನಾನು.

ಕೊನೆಗೂ ಒಂದು ಬಸ್ಸಿಗೆ ನುಗ್ಗಿ ಊರು ಮುಟ್ಟಿದಾಗ ಅಕ್ಕನ ಹಿರಿಯ ಮಗಳು ಬೀದಿಯ ತುದಿಯಲ್ಲೇ ನಿಂತಿದ್ದಳು. "ಆಂಟೀ, ಪಾಪುಗೆ ಫಿಟ್ಸ್ ಬಂತು. ಇಲ್ಲಿ ಡಾಕ್ಟರು ಸಿಟಿ ದೊಡ್ಡಾಸ್ಪತ್ರೆಗೇ ಹೋಗಿ ಅಂದ್ಬಿಟ್ರು. ಅಮ್ಮಿ ಬಸ್ಸಲ್ಲಿ ಕರ್ಕೊಂಡು ಹೋಗವ್ರೆ" ಎಂದಳು. ನನ್ನ ಕಚೇರಿಗೆ ಅಂಗಡಿಯಿಂದ ಫೋನು ಮಾಡಿಸಿದ್ದರಂತೆ. ಅಷ್ಟರಲ್ಲಿ ನಾನು ಹೊರಟಾಗಿತ್ತು.

ಬಂದ ದಾರಿಯಲ್ಲೇ ತಿರುಗಿ ಬಸ್ಸು ಹತ್ತಿದೆ. ಈ ಸಲ ಬಸ್ಸು ಪ್ರತಿಯೊಂದು ಸ್ಟಾಪಿನಲ್ಲೂ ನಿಂತಿತು. ಒಬ್ಬರು ಮೂಟೆ ಇಳಿಸುವವರೆಗೆ ಕಂಡಕ್ಟರು ತಾಳ್ಮೆಯಿಂದ ಕಾದರು. ಕಂಬಿ ಹಿಡಿದು ನಿಂತ ನನಗೆ ಬೇಗ ಹೋಗಿ ಎಂದು ಕೂಗಬೇಕು ಅನ್ನಿಸುತ್ತಿತ್ತು. ಬೆಳಿಗ್ಗೆ ಹೆಗಲಿಗೆ ತಗುಲಿದ್ದ ಆ ಬಿಸಿ ಮಾತ್ರ ಹಾಗೇ ಇತ್ತು.

ಆಸ್ಪತ್ರೆಯ ವಾರ್ಡಿನಲ್ಲಿ ಅಕ್ಕ ಬುರ್ಖಾದ ಮುಸುಕು ಮೇಲೆತ್ತಿಕೊಂಡು ಮಂಚದ ಮೇಲೆ ಕುಳಿತಿದ್ದರು. ಮಗು ಅವರ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ನರ್ಸು ನನ್ನನ್ನು ತಡೆದು, "ತಾಯಿ ಒಬ್ರೇ ಇರ್ಬೇಕು. ನೀವು ಆಚೆ ಇರಿ" ಎಂದರು.

"ಇವ್ರೇ ತಾಯಿ" ಎಂದರು ಅಕ್ಕ.

ನರ್ಸು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದರು. ಅಕ್ಕ ಪಿಸುಮಾತಿನಲ್ಲಿ ನಡೆದದ್ದನ್ನು ಹೇಳಿದರು. ಬಸ್ಸಿನಲ್ಲಿ ಮಗುವಿಗೆ ಮತ್ತೆ ಫಿಟ್ಸ್ ಬಂದಿತ್ತು. ಡ್ರೈವರು ತಿರುಗಿ ನೋಡಿದವರೇ ಜಕ್ಕೂರು ಕಳೆದ ಮೇಲೆ ಎಲ್ಲೂ ನಿಲ್ಲಿಸಲಿಲ್ಲ. "ಹೆಬ್ಬಾಳದಲ್ಲಿ ಎಷ್ಟೊಂದು ಜನ ಕೈ ಅಡ್ಡ ಹಾಕಿದ್ರು. ಬೈಕೊಂಡ್ರು ಪಾಪ. ಅವ್ರಿಗೇನ್ ಗೊತ್ತು" ಎಂದರು.

ನಾನು ಅಲ್ಲೇ ಇದ್ದೆ ಎಂದು ಹೇಳಲು ನನ್ನಿಂದಾಗಲಿಲ್ಲ. ಮಗುವಿನ ಪಾದ ಹಿಡಿದುಕೊಂಡು ನಿಂತೆ. ಅದಕ್ಕೆ ಎಚ್ಚರವಾಗಿ ಕಣ್ಣು ಬಿಟ್ಟಿತು. ನನ್ನನ್ನು ನೋಡಿತು, ಗುರುತೂ ಹಿಡಿಯಿತು. ಆಮೇಲೆ ಆ ಕಡೆ ತಿರುಗಿ ಅಕ್ಕನ ಎದೆಗೆ ಮುಖ ಒತ್ತಿಕೊಂಡಿತು. ನನಗೆ ಹೊಟ್ಟೆಯುರಿಯಿತು. ಯಾರ ಮೇಲೆ ಹೊಟ್ಟೆಯುರಿಯುತ್ತಿದೆ ಎಂದು ತಿಳಿದಾಗ ಅಲ್ಲಿ ನಿಲ್ಲಲಾಗದೆ, ನೀರು ತರುವ ನೆಪದಲ್ಲಿ ಆಚೆ ಹೋದೆ.

ಮಗು ಹುಷಾರಾಯಿತು. ಮತ್ತೆಂದೂ ಫಿಟ್ಸ್ ಬರಲಿಲ್ಲ. ಮುಂದಿನ ವಾರ ನಾನು ಮತ್ತೆ ಬಸ್ಸು ಹತ್ತಿದೆ. ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ, ಅದು ಸುಳ್ಳಲ್ಲ. ಆದರೆ ಬಸ್ಸು ಊರು ದಾಟಿದ ಕೂಡಲೇ ಮೈ ಹಗುರವಾಗುತ್ತಿತ್ತು. ಟೈಪ್‌ರೈಟರಿನ ಸದ್ದು, ಗೆಳತಿಯರ ಹರಟೆ, ಮಧ್ಯಾಹ್ನದ ಕಾಫಿ ನನಗೆ ಬೇಕಾಗಿದ್ದವು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಯಲಹಂಕದಲ್ಲೇ ಇದ್ದ ಕಚೇರಿಗೆ ವರ್ಗ ಕೇಳಿದೆ. ಅದು ಸಿಗುವ ಹೊತ್ತಿಗೆ ಮಗಳು ಶಾಲೆಗೆ ಸೇರಿಯಾಗಿತ್ತು. ನಾನು ಬೇಗ ಮನೆಗೆ ಬಂದು ದೋಸೆ ಹುಯ್ದು ಕಾಯುತ್ತಿದ್ದೆ. ಅವಳು ಬಂದು, ಚೀಲ ಎಸೆದು, ಒಂದು ದೋಸೆಯನ್ನು ಕೈಯಲ್ಲೇ ಹಿಡಿದುಕೊಂಡು ಪಕ್ಕದ ಮನೆಗೆ ಓಡುತ್ತಿದ್ದಳು. ನಾನು ವಾಪಸು ಕರೆಯುತ್ತಿರಲಿಲ್ಲ.