ಹುಳದ ಮನೆ ಬಾಗಿಲಲ್ಲಿ ಎರಡು ಇಂಜಿನ್

ಯಾರಿಗೂ ಹೇಳಲ್ಲ ಅಂತ ಆಣೆ ಇಡೇ ಪದ್ಮಾ. ಎದುರುಮನೆ ರತ್ನಮ್ಮನ ರೇಷ್ಮೆಹುಳ ಹೆಂಗೆ ಸತ್ವು ಅಂತ ನಾನು ಕಣ್ಣಾರೆ ಕಂಡಿದೀನಿ. ಸೊಪ್ಪು ಕುಯ್ಯೋ ಕೂಲಿಗೆ ಹೋಗಿದ್ದೆ. ಅವಳ ಗಂಡ, ತಮ್ಮ ಇಬ್ರೂ ಒಂದೊಂದು ಕಳೆ ಕತ್ತರಿಸೋ ಮಿಷನ್ ತಂದವ್ರೆ. ಯಾರ ಪೆಟ್ರೋಲ್ ಇಂಜಿನ್ ಆಫ್ ಆಗದೆ ಓಡ್ತದೆ ನೋಡಣ ಅಂತ, ಹುಳದ ಮನೆ ಬಾಗಿಲಲ್ಲೇ ಶುರು ಮಾಡಿದ್ರು!

"ನಿಂದು ಕೆಮ್ತದೆ ಬಾವ!"

"ನಿಂದು ಬೀಡಿ ಸೇದ್ತದೆ, ನೋಡ್ಕೊಳೋ!"

ಹೊಗೆಯೆಲ್ಲ ಒಳಕ್ಕೆ ನುಗ್ತು. ಗೂಡು ಕಟ್ಟೋಕಿದ್ದ ಹುಳ ಸೊಪ್ಪು ಬಿಟ್ಟು, ಒದ್ದಾಡಿ ಸತ್ವು. ಇಂಜಿನ್ ಎರಡೂ ಚೆನ್ನಾಗೇ ಓಡಿದ್ವು, ಬಿಡು. ಈಗ ಆ ಗಂಡಸ್ರು, ನನ್ನ ಕಣ್ಣು ಬಿದ್ದೇ ಹುಳ ಸತ್ವು ಅಂತ ರತ್ನಮ್ಮಂಗೆ ಹೇಳವ್ರೆ! ಅವಳೂ ನಂಬವ್ಳೆ...

ಅಯ್ಯೋ, ಬಾಗಿಲ ಹತ್ರ ಅವಳೇ! ಬಾರಮ್ಮ ರತ್ನಮ್ಮ, ಕಾಫಿ ಕುಡೀತೀಯಾ?